ವೈಯುಕ್ತಿಕ ಕಾರಣಗಳ ನಿಮಿತ್ಯ

ನಾನೇ ಟೈಪ್ ಮಾಡಿಕೊಟ್ಟ ಸ್ವಯಂ ನಿವೃತ್ತಿ ಅರ್ಜಿಯೊಂದು ಕಳೆದ ವಾರ ಮಸ್ಕಿ ಕಡೆಯಿಂದ ವಾಪಸ್ ಬಂತು.

ಅದು ಮಸ್ಕಿಗೆ ಹೋಗಬೇಕಾದ ಕಾಗದವೇ ಅಲ್ಲ. ಸಿಂಧನೂರಿನ ಕಚೇರಿಯೊಂದರ ಟಪಾಲು ಸೇರಬೇಕಿತ್ತು. ಹೋಗಿದ್ದು ಒಬ್ಬ ಹುಡುಗಿಯ ಪಾಟಿಚೀಲದಲ್ಲಿ, ಬೆನ್ನ ಮೇಲೆ ಕಳೆಯುವ ಲೆಕ್ಕ ಹೊತ್ತುಕೊಂಡು. ಬಂದಿದ್ದು ಆರು ತಿಂಗಳ ಮೇಲೆ, ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು.

(ತಲೆಬರಹ ನೋಡಿದ ಕೂಡಲೇ ಸಂಪಾದಕರಿಗೆ ಫೋನ್ ಹಚ್ಚಿರುವ ನಿವೃತ್ತ ಮಾಸ್ತರರೇ, ಸ್ವಲ್ಪ ತಡೆದುಕೊಳ್ಳಿ. ತಪ್ಪು ನನಗೂ ಈಗ ಗೊತ್ತಾಗಿದೆ. ಇವತ್ತಿನ ಮಾತೇ ಅದರದ್ದು.)

ಅರ್ಜಿ ಶರಣಮ್ಮ ಅಕ್ಕೋರದು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅಂತಲೇ ಕರೆಯುವುದು. ಈಗ ಮೇಡಂ, ಟೀಚರ್ ಎಲ್ಲ ಬಂದಿದ್ದರೂ ಹಳ್ಳಿಯ ಮಕ್ಕಳ ಬಾಯಲ್ಲಿ ಅಕ್ಕೋರು ಇನ್ನೂ ಉಳಿದಿದ್ದಾರೆ. ತುರ್ವಿಹಾಳ ದಾಟಿ ಕಾಲುವೆಗುಂಟ ಹೋದರೆ ಸಿಗುವ ಒಂದೂರಿನ ಸರ್ಕಾರಿ ಪ್ರಾಥಮಿಕ ಶಾಲೆ ಅವರದು. ಊರಿನ ಹೆಸರು ಬೇಡ. ಅಲ್ಲಿಗೆ ಮಾಹಿತಿ ಕೇಳಿಕೊಂಡು ಹೋಗುವವರು ಈಗಾಗಲೇ ಸಾಕಷ್ಟಿದ್ದಾರೆ.

ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಅವರೂ ಒಂದೇ ದಿನ ಆ ಶಾಲೆಗೆ ಹಾಜರಾದವರು. ಆರು ವರ್ಷ ಪಕ್ಕಪಕ್ಕದ ಕೋಣೆಯಲ್ಲಿ ಕಲಿಸಿದೆವು. ಆಮೇಲೆ ನಾನು ಪರೀಕ್ಷೆ ಬರೆದು, ಪಾಸಾಗಿ, ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ತಲೆ ಮೇಲೊಂದು ಫ್ಯಾನು, ಮುಂದೊಂದು ಮೇಜು, ಮೇಜಿನ ಮೇಲೆ ಗಾಜು. ಕಡತಗಳು ಒಂದನ್ನೊಂದು ಚಿವುಟುವುದಿಲ್ಲ. ಪಾಠದ ನಡುವೆ ಕಿರುಬೆರಳು ಎತ್ತಿ ಹೊರಗೆ ಓಡುವುದಿಲ್ಲ. ಇದಕ್ಕಿಂತ ಸುಖ ಬೇಕೇ?

ಅಕ್ಕೋರು ಅಲ್ಲೇ ಉಳಿದರು. ನಾನು ಬಿಟ್ಟು ಹದಿನಾರು ವರ್ಷವಾದರೂ ನನ್ನನ್ನು "ಮಾಸ್ತರ" ಅಂತಲೇ ಕರೆಯುತ್ತಾರೆ. ಈಗ ನಾನು ಮಾಸ್ತರನಲ್ಲ ಎಂದು ಹೇಳಿ ಹೇಳಿ ನನಗೇ ಸಾಕಾಯಿತು.

ಹೋದ ಜನವರಿಯ ಒಂದು ಮಧ್ಯಾಹ್ನ ಅವರ ಫೋನ್ ಬಂತು.

"ಮಾಸ್ತರ, ಊಟ ಆತೇನ್ರಿ?"

"ಆತ್ರಿ ಅಕ್ಕೋರೆ. ನಿಮ್ಮದು?"

"ಆತ್ರಿ. ಒಂದು ಅರ್ಜಿ ಬರದು ಕೊಡ್ರಿ ನನಗ. ವಿಆರ್‌ಎಸ್‌ದು."

ನಾನು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

"ಖರೇನ ಹೇಳಾಕತ್ತೀನ್ರಿ. ಸಾಕಾಗೈತಿ."

"ಯಾಕ್ರಿ, ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ರಿ. ಮುಂಜಾನಿ ಸಾಲಿಗೆ ಹೊಂಟಾಗ ಬಸ್ ತಪ್ಪಲಿ ಅನಸ್ತೈತಿ. ಹೋದ ಸೋಮವಾರ ಖರೇನ ತಪ್ಪಿತು. ಎಷ್ಟು ಖುಷಿ ಆತಂದ್ರ, ಆ ಖುಷಿ ನೋಡಿ ನನಗ ಅಂಜಿಕಿ ಬಂತ್ರಿ."

ಇದಕ್ಕೆ ಈಗ ಎಲ್ಲರೂ ಬರ್ನ್‌ಔಟ್ ಅನ್ನುತ್ತಾರೆ. ಹೆಸರು ಕೇಳಿದರೆ ಏನೋ ಧಗಧಗ ಉರಿದು ಬೂದಿಯಾದ ಹಾಗೆ ಅನ್ನಿಸುತ್ತದೆ. ಅಕ್ಕೋರ ವಿಷಯದಲ್ಲಿ ಹೊಗೆ ಕೂಡ ಕಾಣಲಿಲ್ಲ. ದಿನಾ ಹೋಗುವ ಬಸ್ಸು ತಪ್ಪಿತು, ಅವರಿಗೆ ಖುಷಿಯಾಯಿತು. ಇಷ್ಟನ್ನು ಯಾವ ವೈದ್ಯರಿಗೆ ತೋರಿಸುವುದು?

ಕಾರಣ ಕೇಳಿದರೆ ಒಂದು ಅಂತ ಹೇಳಲು ಅವರಿಗೂ ಬರಲಿಲ್ಲ. ಗಣತಿ ಬಂತು, ಮನೆ ಮನೆ ತಿರುಗಿದರು. ಮತದಾರರ ಪಟ್ಟಿ ಬಂತು, ಮತ್ತೆ ಅದೇ ಮನೆಗಳಿಗೆ ತಿರುಗಿದರು. ಮಕ್ಕಳಿಗೆ ಮೊಟ್ಟೆ ಕೊಟ್ಟರೆ ಫೋಟೊ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಟ್ಟರೆ ಇನ್ನೊಂದು ಫೋಟೊ. ಊರಿನಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಬುಡದಲ್ಲಿ ಮಾತ್ರ. ಹೀಗಾಗಿ ಊರಿನವರಿಗೆ ಅಕ್ಕೋರು ಬೇಕಾದರೆ ಮೊದಲು ಟ್ಯಾಂಕಿನ ಹತ್ತಿರ ನೋಡುತ್ತಾರೆ, ಆಮೇಲೆ ಶಾಲೆಯಲ್ಲಿ.

ಓಟಿಪಿ ಪ್ರಸಂಗವನ್ನು ಅವರ ಬಾಯಲ್ಲೇ ಕೇಳಬೇಕು. ಪ್ರತಿ ಮಗುವಿಗೊಂದು ನಂಬರು ಮಾಡಿಸಬೇಕಿತ್ತು. ಓಟಿಪಿ ಬರುವುದು ಅಪ್ಪನ ಫೋನಿಗೆ. ಅಪ್ಪ ಇರುವುದು ಗದ್ದೆಯಲ್ಲಿ. ಅವನಿಗೆ ಬ್ಯಾಂಕಿನವರು, ಪೊಲೀಸರು, ಟಿವಿಯವರು ಎಲ್ಲ ಸೇರಿ ಒಂದೇ ಪಾಠ ಹೇಳಿಕೊಟ್ಟಿದ್ದಾರೆ: ಯಾರು ಕೇಳಿದರೂ ಓಟಿಪಿ ಕೊಡಬೇಡ.

"ನೀವು ಅಕ್ಕೋರೇ ಅಂತ ನಾ ಹೆಂಗ ನಂಬ್ಲಿ?" ಅಂದನಂತೆ ಒಬ್ಬ.

"ನಿಮ್ಮ ಮಗ ಏಳರ ಮಗ್ಗಿ ಎಲ್ಲಿ ತಪ್ಪತಾನ ಹೇಳ್ಲೇನು?"

"ಹೇಳ್ರಿ ನೋಡೋಣು."

"ಏಳೆಂಟ್ಲೆ ಐವತ್ತನಾಕು ಅಂತಾನ."

"ಹೌದ್ರಿ, ನೀವ ಖರೆ. ಬರಕೊಳ್ರಿ."

ಅಷ್ಟರಲ್ಲಿ ಓಟಿಪಿಯ ಹೊತ್ತು ಮುಗಿದಿತ್ತು.

ಇದನ್ನೆಲ್ಲ ಅವರು ನಗುತ್ತಲೇ ಹೇಳುತ್ತಿದ್ದವರು. ಈ ಸಲ ಫೋನಿನಲ್ಲಿ ಹೇಳುವಾಗ ನಗಲಿಲ್ಲ ಅನ್ನುವುದೇ ನನಗೆ ಸರಿ ಬರಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದರು.

"ಬೀಗರ ಹಾಜರಿಗೆ ನೋಟಿಸ್ ಬಂದೈತ್ರಿ."

ಈಗ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕೆಂದರೆ ಆ ಬೀಗರ ಹಾಜರಿ ಶುರು ಮಾಡಿದವನು ನಾನೇ.

ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು ಕಡೆಯ ಗದ್ದೆಗಳಿಗೆ ನಾಟಿ ಹಚ್ಚಲು ಮಸ್ಕಿ, ಲಿಂಗಸುಗೂರು ಕಡೆಯ ಒಣ ಊರುಗಳಿಂದ ಗ್ಯಾಂಗುಗಳು ಬರುತ್ತವೆ. ಗ್ಯಾಂಗು ಅಂದರೆ ಹತ್ತು ಹದಿನೈದು ಹೆಣ್ಣುಮಕ್ಕಳು, ನಾಲ್ಕೈದು ಗಂಡಸರು. ಅವರ ಜತೆ ಅವರ ಮಕ್ಕಳು. ಇಪ್ಪತ್ತು ದಿನವೋ, ತಿಂಗಳೋ ಇರುತ್ತಾರೆ. ಮಕ್ಕಳ ಹೆಸರು ಇರುವುದು ಅವರೂರಿನ ಶಾಲೆಯಲ್ಲಿ, ಮಕ್ಕಳು ಇರುವುದು ಇಲ್ಲಿಯ ಗದ್ದೆಯ ಬದುವಿನ ಮೇಲೆ.

ನಾವು ಸೇರಿದ ಎರಡನೇ ವರ್ಷ ಅಕ್ಕೋರು ಬದುವಿನ ಮೇಲಿದ್ದ ಅಷ್ಟೂ ಮಕ್ಕಳನ್ನು ಕರೆತಂದು ಒಳಗೆ ಕೂರಿಸಿದರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಕ್ಕಳನ್ನು ಏನಂತ ಕರೆಯುವುದು? ನಾನು ತಮಾಷೆಗೆ ಒಂದು ಉದ್ದ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಮೇಲೆ "ಬೀಗರ ಹಾಜರಿ" ಎಂದು ಬರೆದೆ. ನಮ್ಮಲ್ಲಿ ಬೀಗರು ಅಂದರೆ ಮದುವೆ ಸಂಬಂಧದವರೇ ಆಗಬೇಕಿಲ್ಲ. ಮನೆಗೆ ಬಂದವರೆಲ್ಲ ಬೀಗರೇ.

ತೊಂದರೆ ಇನ್ನೊಂದಿತ್ತು. ಹುಲಿಗೆಮ್ಮ ಅಂತ ಕರೆದರೆ ಮೂವರು ಎದ್ದು ನಿಲ್ಲುತ್ತಿದ್ದರು. ಅದಕ್ಕೆ ಒಂದು ರೂಢಿ ಮಾಡಿದೆ. ಹೆಸರು ಕರೆದಾಗ ಬೀಗರ ಮಕ್ಕಳು ಹಾಜರ್ ಅನ್ನಬಾರದು, ತಮ್ಮೂರಿನ ಹೆಸರು ಹೇಳಬೇಕು. ಒಂದೇ ವಾರದಲ್ಲಿ ಅದು ಅವರಿಗೆ ಎಷ್ಟು ಹಿಡಿಸಿತೆಂದರೆ, ಊರಿನ ಹೆಸರನ್ನು ಸಂತೆಯಲ್ಲಿ ಕೂಗುವ ಹಾಗೆ ಕೂಗುತ್ತಿದ್ದರು.

ನಾನು ಬಿಟ್ಟು ಬಂದೆ. ನೋಟ್‌ಬುಕ್ಕು ಅಲ್ಲೇ ಉಳಿಯಿತು. ಅಕ್ಕೋರು ಅದನ್ನು ತುಂಬಿಸಿ ಇನ್ನೊಂದು ಮಾಡಿದರು, ಅದೂ ತುಂಬಿ ಮತ್ತೊಂದು.

ಈ ಸಲ ತಪಾಸಣೆಗೆ ಬಂದವರಿಗೆ ಆ್ಯಪ್‌ನಲ್ಲಿದ್ದ ಮಕ್ಕಳಿಗಿಂತ ಊಟದ ತಟ್ಟೆಗಳು ಹನ್ನೊಂದು ಹೆಚ್ಚು ಕಂಡಿವೆ. ಕೇಳಿದಾಗ ಅಕ್ಕೋರು ಮರೆಮಾಚದೆ ಬೀಗರ ಹಾಜರಿ ತೆಗೆದು ತೋರಿಸಿದ್ದಾರೆ. ಅನಧಿಕೃತ ದಾಖಲೆ ನಿರ್ವಹಿಸಿದ್ದೇಕೆ ಎಂದು ಕಾರಣ ಕೇಳಿ ನೋಟಿಸ್ ಬಂತು. ಬರೆದವರನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಗುಮಾಸ್ತ. ಅಂಥ ನೋಟಿಸುಗಳನ್ನು ನಾನೂ ಟೈಪ್ ಮಾಡಿದ್ದೇನೆ, ಹಿಂದೆಮುಂದೆ ನೋಡದೆ.

ಎರಡು ದಿನದಲ್ಲಿ ಅರ್ಜಿ ತಯಾರಾಯಿತು. "ವೈಯುಕ್ತಿಕ ಕಾರಣಗಳ ನಿಮಿತ್ಯ ಸೇವೆಯಲ್ಲಿ ಮುಂದುವರಿಯಲು ಸಾಧ್ಯವಾಗುತ್ತಿಲ್ಲವಾದ್ದರಿಂದ" ಅಂತ ಶುರು. ಈ ಸಾಲು ನನ್ನ ಕೈಗೆ ಅಂಟಿಕೊಂಡಿದೆ. ರಜೆಗೂ ನಡೆಯುತ್ತದೆ, ವರ್ಗಾವಣೆಗೂ ನಡೆಯುತ್ತದೆ, ಬಿಟ್ಟು ಹೋಗುವುದಕ್ಕೂ ನಡೆಯುತ್ತದೆ. ಎರಡು ಪ್ರತಿ ಪ್ರಿಂಟ್ ಹಾಕಿದೆ. ನೋಟಿಸಿಗೂ ಒಂದು ಉದ್ದನೆಯ ಉತ್ತರ ಬರೆದೆ, ನಿಯಮಗಳನ್ನು ಉಲ್ಲೇಖಿಸಿ.

ತಡೆಯಬೇಕಿತ್ತಲ್ಲವೇ ನೀನು ಅಂತ ನೀವು ಕೇಳಬಹುದು. ಯಾವ ಮುಖ ಇಟ್ಟುಕೊಂಡು ತಡೆಯಲಿ? ಆರು ವರ್ಷಕ್ಕೆ ಓಡಿಬಂದವನು ಇಪ್ಪತ್ತೆರಡು ವರ್ಷ ನಿಂತವರಿಗೆ ಇನ್ನೂ ಸ್ವಲ್ಪ ನಿಲ್ಲಿ ಅನ್ನುವುದು ಹೇಗೆ?

ನಾಲ್ಕನೇ ಶನಿವಾರ. ನಮ್ಮ ಕಚೇರಿಗೆ ರಜೆ, ಅವರ ಶಾಲೆಗೆ ಇಲ್ಲ. ಬೆಳಗಿನ ಬಸ್ಸಿಗೆ ಹತ್ತಿ, ಮಸ್ಕಿ ದಾಟಿ, ಸಿಂಧನೂರಿನಲ್ಲಿ ಇಳಿದು, ಮತ್ತೊಂದು ಬಸ್ಸು ಹಿಡಿದು ಹೋದೆ. ಕಾಲುವೆ ತುಂಬಿತ್ತು. ಗದ್ದೆಗಳಲ್ಲಿ ಹೆಣ್ಣುಮಕ್ಕಳು ಬಗ್ಗಿದ್ದರು. ಶಾಲೆಗೆ ಬಣ್ಣ ಬಳಿದಿದ್ದಾರೆ. ನನ್ನ ಕೋಣೆಯ ಕಿಟಕಿಯ ಸರಳು ಆಗ ಹೇಗೆ ಸೊಟ್ಟಗಿತ್ತೋ ಹಾಗೇ ಇತ್ತು.

ಅಕ್ಕೋರು ಕವರ್ ತೆಗೆದುಕೊಂಡರು. ಬಿಚ್ಚಿ ನೋಡಲಿಲ್ಲ. ಮೇಜಿನ ಮೇಲಿದ್ದ ಹಳೆಯ ಕಾಗದಗಳ ಗುಡ್ಡೆಯ ಮೇಲಿಟ್ಟರು.

ಆ ಗುಡ್ಡೆಯ ಬಗ್ಗೆ ಹೇಳಬೇಕು. ಹತ್ತಾರು ವರ್ಷದ ಸುತ್ತೋಲೆಗಳು ಅವು, ಒಂದು ಮಗ್ಗಲು ಖಾಲಿ ಇರುವಂಥವು. ಅಕ್ಕೋರು ಒಂದನ್ನೂ ಎಸೆಯುವುದಿಲ್ಲ. ಹಿಂದಿನ ಮಗ್ಗಲಿನಲ್ಲಿ ಮಕ್ಕಳು ಲೆಕ್ಕ ಮಾಡುತ್ತಾರೆ, ಕಾಪಿ ಬರೆಯುತ್ತಾರೆ, ನವಿಲು ಬಿಡಿಸುತ್ತಾರೆ. ಎಷ್ಟೋ ಸುತ್ತೋಲೆಗಳಿಂದ ಮಕ್ಕಳಿಗೆ ಆದ ನೇರ ಲಾಭ ಇದೊಂದೇ ಇರಬೇಕು.

"ಮಾಸ್ತರ, ಜರಾ ಹಾಜರಿ ತಗೊಳ್ರಿ. ನಾ ಟ್ಯಾಂಕಿನ ತನಕ ಹೋಗಿ ಅಪ್‌ಲೋಡ್ ಮಾಡಿ ಬರ್ತೀನಿ" ಎಂದು ಹೇಳಿ ಹೊರಟೇಬಿಟ್ಟರು.

ಹದಿನಾರು ವರ್ಷದ ಮೇಲೆ ಕೈಗೆ ಹಾಜರಿ ಬಂತು. ಶಾಲೆಯ ಮಕ್ಕಳದು ಮುಗಿಯಿತು. ಕೆಳಗೆ ಬೀಗರ ಹಾಜರಿ ಇತ್ತು. ನೋಟಿಸ್ ಬಂದ ಮೇಲೂ ಬರೆದಿದ್ದರು!

"ಹುಲಿಗೆಮ್ಮ" ಅಂದೆ.

"ಗುಡದೂರು!"

ನಾನು ತಲೆ ಎತ್ತಿದೆ. ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಈ ರೂಢಿ ಮಾಡಿದವನು ನಾನು, ಮರೆತವನೂ ನಾನೇ. ಕೂಗಿದ ಹುಡುಗಿ ಮಸ್ಕಿ ಕಡೆಯ ಆ ಊರಿನವಳು, ಮೂರನೇ ತರಗತಿ. ಎರಡು ಜಡೆ, ಕೈಯಲ್ಲಿ ಹಸಿರು ಗಾಜಿನ ಬಳೆ. ನನ್ನನ್ನು ನೋಡಿ ಇವನ್ಯಾರಪ್ಪ ಹೊಸಬ ಎನ್ನುವ ಹಾಗೆ ಹುಬ್ಬು ಗಂಟಿಕ್ಕಿದಳು.

ಅಕ್ಕೋರು ವಾಪಸ್ ಬಂದರು. ಹುಲಿಗೆಮ್ಮನನ್ನು ಬೋರ್ಡಿಗೆ ಕರೆದು ಐವತ್ತೆರಡರಲ್ಲಿ ಹದಿನೇಳು ಕಳಿ ಅಂದರು. ನನಗೆ ಒಂದು ಚೀಟಿ ಕೊಟ್ಟರು, ಓದ್ರಿ ಅಂತ. ಹುಡುಗಿ ಊರಿಂದ ಬರುವಾಗ ತಂದದ್ದು. ಅದೂ ಯಾವುದೋ ಸುತ್ತೋಲೆಯ ಹಿಂದಿನ ಮಗ್ಗಲು. ದುಂಡು ಅಕ್ಷರ.

"ಅಕ್ಕೋರೆ, ಹುಲಿಗೆಮ್ಮ ಕೂಡಿಸುವ ಲೆಕ್ಕ ಚೆನ್ನಾಗಿ ಮಾಡುತ್ತಾಳೆ. ಕಳೆಯುವಾಗ ದಶಕ ತೆಗೆದುಕೊಳ್ಳುವುದು ತಿಳಿಯುತ್ತಿಲ್ಲ. ನಾನು ಸೋತೆ. ನೀವು ನೋಡಿರಿ. ಸ.ಶಿ."

ಸ.ಶಿ. ಅಂದರೆ ಸಹ ಶಿಕ್ಷಕಿ. ಹೆಸರಿಲ್ಲ.

"ಯಾರ್ರಿ ಇವರು?"

"ಆಕಿ ಊರಿನ ಸಾಲಿ ಅಕ್ಕೋರು. ನಾ ನೋಡಿಲ್ರಿ. ಆರೇಳು ವರ್ಷ ಆತು, ಬರೋ ಹುಡುಗ್ರ ಕೈಯಾಗ ಹಿಂಗ ಚೀಟಿ ಬರದು ಕಳಸ್ತಾರ. ಇಲ್ಲಿಂದ ಹೊಂಟಾಗ ನಾ ಬರದು ಕಳಸ್ತೀನಿ. ಎಲ್ಲಿ ತನಕ ಬಂದೈತಿ, ಏನು ಬಾಕಿ ಐತಿ ಅಂತ. ಇಲ್ಲಂದ್ರ ಹುಡುಗ್ರು ಅಲ್ಲಿ ಒಂದು ಪಾಠ, ಇಲ್ಲಿ ಒಂದು ಪಾಠ ಕೇಳಿ ನಡುವ ಉಳೀತಾವಲ್ರಿ."

"ಫೋನ್ ಮಾಡಬಹುದಲ್ರಿ?"

"ನಂಬರ್ ಕೇಳ್ಬೇಕಂತೀನಿ, ಚೀಟಿ ಬರಿಯಾಗ ಮರೀತೀನಿ."

ನಾನು ಚೀಟಿ ಹಿಡಿದು ಕೂತೆ. ವರ್ಷಕ್ಕೆರಡು ನಾಟಿ, ಒಂದು ನಾಟಿಗೆ ಒಂದು ಚೀಟಿ. ಮಧ್ಯೆ ಯಾವ ಇಲಾಖೆಯೂ ಇಲ್ಲ, ಆ್ಯಪ್ ಇಲ್ಲ, ಫೋಟೊ ಇಲ್ಲ. ಮುಖ ನೋಡದ ಇಬ್ಬರು ಹೆಂಗಸರು ಒಬ್ಬಳೇ ಹುಡುಗಿಗೆ ಸರದಿಯ ಮೇಲೆ ಗಣಿತ ಕಲಿಸುತ್ತಿದ್ದಾರೆ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಬೋರ್ಡಿನ ಮುಂದೆ ಹುಲಿಗೆಮ್ಮ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. "ಎರಡರಾಗ ಏಳು ಹೋಗಂಗಿಲ್ಲ. ಬಿಡಿ ಸಸಿ ಸಾಲಂಗಿಲ್ಲ. ಒಂದು ಕಟ್ಟು ಬಿಚ್ಚತೀನಿ. ಈಗ ಹನ್ನೆರಡು."

ನಾಟಿಗೆ ಸಸಿ ತರುವುದು ಕಟ್ಟು ಕಟ್ಟಿ. ಕೈಯಲ್ಲಿದ್ದ ಬಿಡಿ ಸಸಿ ಮುಗಿದರೆ ಒಂದು ಕಟ್ಟು ಬಿಚ್ಚುತ್ತಾರೆ. ಹುಡುಗಿ 'ದಶಕ'ಕ್ಕೆ ಹೆದರುತ್ತಾಳೆ ಅಂತ ಗೊತ್ತಾದ ದಿನ ಅಕ್ಕೋರು ಗದ್ದೆಗೆ ಹೋಗಿ ಸಸಿ ತಂದು, ಹತ್ತತ್ತರ ಕಟ್ಟು ಮಾಡಿ ಅವಳ ಮುಂದಿಟ್ಟಿದ್ದಾರೆ. ಕಟ್ಟು ಬಿಚ್ಚುವುದನ್ನು ಆ ಹುಡುಗಿಗೆ ಯಾರೂ ಕಲಿಸಬೇಕಿಲ್ಲ. ಅವಳ ಅವ್ವ ದಿನವಿಡೀ ಮಾಡುವುದು ಅದನ್ನೇ.

ಹುಲಿಗೆಮ್ಮ ಮೂವತ್ತೈದು ಎಂದು ಬರೆದು ತಿರುಗಿದಳು. ನಾನು ಅಕ್ಕೋರ ಮುಖ ನೋಡಿದೆ. ಬಸ್ ತಪ್ಪಿದ್ದಕ್ಕೆ ಖುಷಿಪಟ್ಟವರ ಮುಖವಾಗಿರಲಿಲ್ಲ ಅದು.

ಇದೇ ಜಾಗದಲ್ಲಿ ಪಿಟೀಲು ಬಾರಿಸಿ ಅರ್ಜಿ ಹರಿದು ಹಾಕಿಸಬಹುದಿತ್ತು. ಆದರೆ ಹಾಗಾಗಲಿಲ್ಲ. ಅಕ್ಕೋರು ಕೂತು, ನೋಟಿಸಿಗೆ ತಾವೇ ಬರೆದ ಉತ್ತರ ತೋರಿಸಿದರು. ನನ್ನ ನಿಯಮ ಗಿಯಮ ಏನೂ ಬೇಡವಾಗಿತ್ತು. ಎರಡೇ ಸಾಲು. "ಸದರಿ ಮಕ್ಕಳು ಬೀಗರಾಗಿರುತ್ತಾರೆ. ಊಟದ ಹೊತ್ತಿನಲ್ಲಿ ಬಂದ ಬೀಗರನ್ನು ಉಣ್ಣಿಸದೆ ಕಳಿಸುವ ರೂಢಿ ನಮ್ಮಲ್ಲಿ ಇರುವುದಿಲ್ಲ."

(ಆ ಉತ್ತರಕ್ಕೆ ಮುಂದೆ ಏನೂ ಬರಲಿಲ್ಲ. ಅದನ್ನು ಓದಿದ ಗುಮಾಸ್ತನೂ ಯಾರದೋ ಮನೆಯಲ್ಲಿ ಬೀಗನಾಗಿ ಉಂಡವನೇ ಇರಬೇಕು.)

"ಉತ್ತರ ಕೊಟ್ಟು ಹೋಗ್ತೀನ್ರಿ. ಅಂಜಿ ಹೋದ್ಳು ಅನ್ನಬಾರದು" ಅಂದರು.

ಅಷ್ಟರಲ್ಲಿ ಹೊರಗೆ ಟಂಟಂ ಬಂದು ನಿಂತಿತು. ತುಂಬ ಜನ, ಮೇಲೆ ಗಂಟುಮೂಟೆ. ಹುಲಿಗೆಮ್ಮನ ಅವ್ವ ದುರುಗಮ್ಮ ಇಳಿದು ಬಾಗಿಲಿಗೆ ಬಂದಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಒಳಗೆ ಬರಲು ಒಲ್ಲೆ ಅಂದಳು.

"ಅಕ್ಕೋರೆ, ನಾಟಿ ಮುಗೀತ್ರಿ. ಹೊಂಟೀವಿ. ಚೀಟಿ ಕೊಡ್ರಿ."

"ಸೋಮವಾರ ಹೋಗ್ತೀವಿ ಅಂದಿದ್ದೆಲ್ಲಬೇ?"

"ಗುತ್ತೇದಾರ ಇವತ್ತ ನಡೀರಿ ಅಂತಾನ್ರಿ. ಚೀಟಿ ಇಲ್ಲಂದ್ರ ಈಕಿ ಗಾಡಿ ಹತ್ತಂಗಿಲ್ಲಂತ ಕುಂತಾಳ ನೋಡ್ರಿ."

ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಅಕ್ಕೋರು ಗುಡ್ಡೆಯ ಮೇಲಿನ ಹಾಳೆ ಎಳೆದುಕೊಂಡರು. ನಿಂತೇ ಬರೆದರು, ಮಡಚಿದರು, ಹುಡುಗಿಯ ಪಾಟಿಚೀಲಕ್ಕೆ ಹಾಕಿದರು. ಹುಲಿಗೆಮ್ಮ ಓಡಿದಳು. ಟಂಟಂ ಹೋಯಿತು.

"ಈಗ ತರ್ರಿ, ಎಲ್ಲಿ ಸಹಿ ಮಾಡ್ಲಿ?" ಅಂದರು.

ನೋಡುತ್ತೇನೆ, ಕವರಿನ ಹೊರಗೆ ಅರ್ಜಿ ಒಂದೇ ಇದೆ.

"ಎರಡು ಇಟ್ಟಿದ್ನಲ್ರಿ?"

ಇಬ್ಬರೂ ಟಂಟಂ ಹೋದ ದಾರಿ ನೋಡಿದೆವು. ನಾನು ಹಾಜರಿಯ ಗಲಾಟೆಯಲ್ಲಿ ಕವರ್ ಬಿಚ್ಚಿ ಹಾಳೆಗಳನ್ನು ಮೇಲಿಟ್ಟಿದ್ದೆನೋ, ಅವರೇ ಬಿಚ್ಚಿದ್ದರೋ, ಈಗಲೂ ಗೊತ್ತಿಲ್ಲ. ಒಂದು ಮಗ್ಗಲು ಖಾಲಿ ಇದ್ದ ಹಾಳೆ ಸಿಕ್ಕರೆ ಆ ಕೈ ಮೊದಲು ಲೆಕ್ಕ ಬರೆಯುತ್ತದೆ.

"ಹೋಗ್ಲಿ ಬಿಡ್ರಿ. ಇನ್ನೊಂದು ಐತಲ್ಲ" ಅಂದರು. ಆ ಇನ್ನೊಂದನ್ನು ಬೀಗರ ಹಾಜರಿಯ ಒಳಗಿಟ್ಟರು. ಸಹಿ ಮಾತ್ರ ಅವತ್ತು ಮಾಡಲಿಲ್ಲ.

ಆಮೇಲೆ ತಿಂಗಳಿಗೊಮ್ಮೆ ನಾನು ಕೇಳುವುದು, ಅವರು ಹೇಳುವುದು. ಪರೀಕ್ಷೆ ಮುಗೀಲ್ರಿ. ಫಲಿತಾಂಶ ಹಚ್ಚಿಬಿಡ್ತೀನ್ರಿ. ದಾಖಲಾತಿ ಆಗ್ಲಿ. ಬೇಸಿಗೆ ರಜೆಯಲ್ಲಿ ಚೊಲೊ ನಿದ್ದೆ ಬಂತಂತೆ. ಜೂನ್ ಬಂದಾಗ ಬಸ್ ತಪ್ಪಲಿ ಅಂತ ಮತ್ತೆ ಅನ್ನಿಸತೊಡಗಿತಂತೆ. ಹೊಸ ಆ್ಯಪ್ ಒಂದು ಬಂದಿತ್ತು, ಹಳೆಯದು ಹೋಗಿರಲಿಲ್ಲ.

ಜುಲೈ ಕೊನೆಗೆ ಫೋನ್ ಮಾಡಿದರು. "ಸಹಿ ಮಾಡೀನ್ರಿ. ಬ್ಯಾಗಿನಾಗ ಐತಿ. ಬರೋ ಸೋಮವಾರ ಕೊಟ್ಟುಬಿಡ್ತೀನಿ."

ದನಿ ಶಾಂತವಾಗಿತ್ತು. ಈ ಸಲ ನಿಜ ಅಂತ ನನಗೆ ಅನ್ನಿಸಿತು. ಆಗಲಿ ಅಂದೆ.

ಅದೇ ಶುಕ್ರವಾರ ಇನ್ನೊಂದು ಫೋನ್.

"ಮಾಸ್ತರ, ನಾಟಿ ಗ್ಯಾಂಗು ಬಂದೈತಿ. ನಿಮ್ಮ ಅರ್ಜಿ ಹುಲಿಗೆಮ್ಮನ ಕೈಯಾಗ ವಾಪಸ್ ಬಂದೈತಿ. ಬಂದು ನೋಡ್ರಿ."

ಭಾನುವಾರ ಸಿಂಧನೂರಿಗೆ ಹೋದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆವು. ಮಂಡಾಳು ಒಗ್ಗರಣೆ, ಮಿರ್ಚಿ ಬಂತು. ಅಕ್ಕೋರು ತಟ್ಟೆ ಪಕ್ಕಕ್ಕೆ ಸರಿಸಿ ಹಾಳೆ ಬಿಚ್ಚಿದರು.

ಒಂದು ಮಗ್ಗಲಿನಲ್ಲಿ ಅಕ್ಕೋರ ಅವಸರದ ಅಕ್ಷರ. "ಕಳೆಯುವುದು ಬಂದಿದೆ. ದಶಕ ಅನ್ನಬೇಡಿರಿ, ಕಟ್ಟು ಬಿಚ್ಚು ಅನ್ನಿರಿ. ಮುಂದೆ ಗುಣಾಕಾರ. ಸ.ಶಿ." ಅದರ ಕೆಳಗೆ ದುಂಡು ಅಕ್ಷರದಲ್ಲಿ: "ಕಟ್ಟು ಬಿಚ್ಚುವುದನ್ನು ನಮ್ಮ ಇಡೀ ಮೂರನೇ ತರಗತಿ ಕಲಿಯಿತು."

ಹಾಳೆ ತಿರುಗಿಸಿದೆ. ನನ್ನ ಅರ್ಜಿ. ಕೆಂಪು ಶಾಯಿ.

"ವೈಯುಕ್ತಿಕ" ಅನ್ನುವುದಕ್ಕೆ ಸುತ್ತ ಗೆರೆ. ಮೇಲೆ "ವೈಯಕ್ತಿಕ" ಎಂದು ಬರೆದಿದ್ದರು. "ನಿಮಿತ್ಯ"ಕ್ಕೆ ಅಡ್ಡಗೆರೆ ಎಳೆದು "ನಿಮಿತ್ತ". ಇಷ್ಟು ವರ್ಷ ಅಂಕಣ ಬರೆದವನು, ಹದಿನಾರು ವರ್ಷ ಅರ್ಜಿ ಬರೆದವನು, ಅದರ ಹಿಂದೆ ಆರು ವರ್ಷ ಮಕ್ಕಳ ಕಾಗುಣಿತ ತಿದ್ದಿದವನು! ಬಾಯಲ್ಲಿದ್ದ ಮಿರ್ಚಿ ಖಾರ ಹತ್ತಿತು.

"ಎರಡು ತಪ್ಪು ಮಾಡೀರಿ" ಅಂದರು ಅಕ್ಕೋರು. ಬಹಳ ತಿಂಗಳ ಮೇಲೆ ನಗುತ್ತಿದ್ದರು. "ನಾನೂ ನೋಡಿರಲಿಲ್ಲ. ಸಹಿ ಮಾಡಿಟ್ಟ ಇನ್ನೊಂದರಾಗೂ ಹಂಗ ಅದಾವ."

ಕೆಳಗೆ, ಸಹಿ ಮಾಡಬೇಕಾದ ಜಾಗದಲ್ಲಿ, ಇನ್ನೂ ನಾಲ್ಕು ಸಾಲಿದ್ದವು.

"ಅಕ್ಕೋರೆ, ಕಾಗುಣಿತ ತಿದ್ದಿದ್ದೇನೆ. ಆದರೆ ವೈಯಕ್ತಿಕ ಎಂಬ ಮಾತು ತಿದ್ದಿದರೂ ತಪ್ಪೇ. ಕಾರಣ ನಿಮ್ಮೊಬ್ಬರದಲ್ಲ. ನಾನೂ ಒಂದು ಬರೆದು ಟ್ರಂಕಿನಲ್ಲಿಟ್ಟಿದ್ದೇನೆ. ನೀವು ಕೊಡುವ ದಿನ ತಿಳಿಸಿರಿ, ನಾನೂ ಅವತ್ತೇ ಕೊಡುತ್ತೇನೆ. ಅಲ್ಲಿಯವರೆಗೆ ಹುಲಿಗೆಮ್ಮನ ಗುಣಾಕಾರ ನೋಡಿರಿ. ಸ.ಶಿ."

ನಾನು ಎರಡು ಸಲ ಓದಿದೆ.

ಮೇಷ್ಟ್ರು ಮಂದಿ ಯಾಕೆ ಬಿಟ್ಟು ಹೋಗುತ್ತಾರೆ ಅಂತ ಕೇಳುವವರಿಗೆ ಉತ್ತರ ಸುಲಭ. ಯಾಕೆ ಉಳಿಯುತ್ತಾರೆ? ಸಂಬಳ ಅನ್ನುತ್ತೀರಿ, ಪಿಂಚಣಿ ಅನ್ನುತ್ತೀರಿ, ಬೇಸಿಗೆ ರಜೆ ಅನ್ನುತ್ತೀರಿ. ಸೇವೆ, ತ್ಯಾಗ ಅಂತ ಸೆಪ್ಟೆಂಬರಿನ ಭಾಷಣಗಳಲ್ಲಿ ಹೇಳುತ್ತೀರಿ, ಶಾಲು ಹೊದಿಸುತ್ತೀರಿ. ಬಿಡುವವರಿಗೆ ಕಾರಣ ಬರೆಯಲು ಅರ್ಜಿಯಲ್ಲಿ ಜಾಗವಿದೆ. ಬೀಗರ ಮಕ್ಕಳನ್ನು ಕೂರಿಸಿದ್ದೇಕೆ ಎಂದು ಕೇಳಲು ನೋಟಿಸ್ ಇದೆ. ಇಷ್ಟಾದರೂ ನೀವು ಇನ್ನೂ ಇದ್ದೀರಲ್ಲ, ಯಾಕೆ ಎಂದು ಯಾವ ಕಚೇರಿ ಒಂದು ಕಾಗದ ಬರೆದು ಕೇಳಿದೆ?

"ನಾಳೆ ಸೋಮವಾರ" ಅಂದೆ.

"ಹೌದ್ರಿ."

"ಕೊಡ್ತೀರೇನು?"

ಅಕ್ಕೋರು ಚಹಾ ಮುಗಿಸಿದರು. ಅವಸರವೇನೂ ಇರಲಿಲ್ಲ.

"ನಾ ಕೊಟ್ರ ಆಕಿನೂ ಕೊಡ್ತಾಳ. ಇಬ್ರೂ ಕೊಟ್ವಿ ಅಂದ್ರ ಹುಲಿಗೆಮ್ಮ ಚೀಟಿ ಹಿಡಕೊಂಡು ಎಲ್ಲಿಗೆ ಹೋಗ್ತಾಳ್ರಿ?"

"ಆಕೆ ಹೆಸರೇನಂತ ಈಗರ ಗೊತ್ತಾತೇನು?"

"ಹುಲಿಗೆಮ್ಮನ್ನ ಕೇಳಿದೆ. ಅಕ್ಕೋರು ಅಂದ್ಳು."

ಬ್ಯಾಗಿನಿಂದ ಸಹಿ ಮಾಡಿದ ಪ್ರತಿ ತೆಗೆದು ತೋರಿಸಿ ಮತ್ತೆ ಒಳಗಿಟ್ಟರು. "ತಪ್ಪಿದ್ದ ಕಾಗದ ಹೆಂಗ ಕೊಡ್ಲಿ? ತಿದ್ದಿ ಬ್ಯಾರೆ ಪ್ರಿಂಟ್ ತಗದು ಕೊಡ್ರಿ."

"ಕೊಡ್ತೀನಿ. ಮತ್ತ ಸಹಿ ಮಾಡ್ತೀರೇನು?"

"ಅದನ್ನ ಆಮ್ಯಾಲ ನೋಡೋಣು. ಹಿಂದಿನ ಮಗ್ಗಲು ಖಾಲಿ ಇರ್ಲಿ ಅಷ್ಟ. ತಿಂಗಳ ಕೊನಿಗೆ ಹುಲಿಗೆಮ್ಮ ಊರಿಗೆ ಹೊಂಡತಾಳ, ಚೀಟಿ ಬರೀಬೇಕು."

ಅಕ್ಕೋರು ಗೆದ್ದರು, ಎಲ್ಲ ಸರಿಹೋಯಿತು ಎಂದು ಬರೆದು ನಿಮ್ಮ ಚಪ್ಪಾಳೆ ಗಿಟ್ಟಿಸುವ ಆಸೆ ನನಗಿಲ್ಲ. ಆ್ಯಪ್‌ಗಳು ಅಲ್ಲೇ ಇವೆ, ಟ್ಯಾಂಕಿನ ಬುಡವೂ ಅಲ್ಲೇ ಇದೆ. ನಾಳೆ ಬಸ್ಸು ತಪ್ಪಿದರೆ ಅವರಿಗೆ ಮತ್ತೆ ಖುಷಿಯಾಗಬಹುದು. ಟ್ರಂಕಿನಲ್ಲಿ ಒಂದು ಅರ್ಜಿ, ಬ್ಯಾಗಿನಲ್ಲಿ ಒಂದು ಅರ್ಜಿ ಇಟ್ಟುಕೊಂಡು ಇಬ್ಬರು ಹೆಂಗಸರು ಬೆಳಗಾದರೆ ಶಾಲೆಗೆ ಹೋಗುತ್ತಿದ್ದಾರೆ. ನನಗೆ ಗೊತ್ತಿರುವುದು ಇಷ್ಟು.

ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಸುಮ್ಮನೆ ನೋಡಿದೆ. ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದ ಹೆಂಗಸರಲ್ಲಿ ಯಾರು ಬೇಕಾದರೂ ಅವರಾಗಿರಬಹುದಿತ್ತು. ಕೆಂಪು ಶಾಯಿಯ ಹಾಳೆ ಜೇಬಿನಲ್ಲಿತ್ತು. ಹೊಸ ಪ್ರತಿಗೆ ನೋಡಿಕೊಳ್ಳಲು ಬೇಕೆಂದು ಕೇಳಿ ಇಸಿದುಕೊಂಡು ಬಂದಿದ್ದೆ.

ತೆಗೆದು ಮತ್ತೊಮ್ಮೆ ನೋಡಿದಾಗ ನೆನಪಾಯಿತು. ಹದಿನಾರು ವರ್ಷದ ಹಿಂದೆ ಶಾಲೆ ಬಿಡುವಾಗ ನಾನು ಕೊಟ್ಟ ಅರ್ಜಿಯೂ "ವೈಯುಕ್ತಿಕ ಕಾರಣಗಳ ನಿಮಿತ್ಯ" ಅಂತಲೇ ಶುರುವಾಗಿತ್ತು. ತಿದ್ದುವವರು ಪಕ್ಕದ ಕೋಣೆಯಲ್ಲೇ ಇದ್ದರು, ನಾನು ತೋರಿಸಲಿಲ್ಲ.